ಅಮೆರಿಕದ ಚುನಾವಣಾ ರಾತ್ರಿಯ ಸುದ್ದಿಯನ್ನು ಒರೆಗೆ ಹಚ್ಚುವುದು ಹೇಗೆ

ಅಮೆರಿಕದ ಚುನಾವಣಾ ರಾತ್ರಿ ಟಿ.ವಿ. ಪರದೆಯಲ್ಲಿ ಇಂಥವರು ಗೆದ್ದರೆಂದು ಕಂಡಾಗ, ಹಾಗೆ ಹೇಳುತ್ತಿರುವವರು ಯಾರೆಂದು ಮೊದಲು ನೋಡಬೇಕು. ಅಲ್ಲಿ ಇಡೀ ದೇಶದ ಮತಗಳನ್ನು ಎಣಿಸಿ ಫಲಿತಾಂಶ ಪ್ರಕಟಿಸುವ ಕೇಂದ್ರ ಕಚೇರಿ ಇಲ್ಲ. ಫೆಡರಲ್ ಚುನಾವಣಾ ಆಯೋಗವೆಂಬುದು ಇದೆಯಾದರೂ ಅದು ನೋಡುವುದು ಪ್ರಚಾರದ ಹಣದ ಲೆಕ್ಕವನ್ನು, ಮತದ ಲೆಕ್ಕವನ್ನಲ್ಲ. ರಾತ್ರಿಯ ಘೋಷಣೆ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯ ಅಥವಾ ವಾಹಿನಿಗಳ ಲೆಕ್ಕಾಚಾರ ಮಾತ್ರ. 2000ರಲ್ಲಿ ವಾಹಿನಿಗಳು ಫ್ಲಾರಿಡಾ ರಾಜ್ಯವನ್ನು ಮೊದಲು ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್ ಗೆದ್ದರೆಂದು ಹೇಳಿ ಹಿಂತೆಗೆದವು, ಬೆಳಗಿನ ಜಾವ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ ಗೆದ್ದರೆಂದು ಹೇಳಿ ಅದನ್ನೂ ಹಿಂತೆಗೆದವು. ಕೊನೆಗೆ ಅಲ್ಲಿ ಬುಷ್ ಪರ ಉಳಿದ ಅಧಿಕೃತ ಅಂತರ 537 ಮತ.

ಆದ್ದರಿಂದ ಸಂಶಯ ಬಂದ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ಚುನಾವಣಾ ಕಚೇರಿಯ ಜಾಲತಾಣ ತೆರೆದು, ಅಂಕಿಗಳ ಮೇಲೆ ‘ಅನಧಿಕೃತ’ ಎಂದಿದೆಯೇ, ಅಂಚೆ ಮತಗಳು ಎಷ್ಟು ಸೇರಿವೆ, ಇನ್ನೆಷ್ಟು ಬಾಕಿ ಎಂಬುದನ್ನು ಓದಿ. ನಡುರಾತ್ರಿ ಮುನ್ನಡೆ ಬದಲಾಯಿತೆಂಬ ಗುಲ್ಲಿಗೆ ಉತ್ತರ ಹೆಚ್ಚಾಗಿ ಇಲ್ಲೇ ಸಿಗುತ್ತದೆ. 2020ರಲ್ಲಿ ಪೆನ್ಸಿಲ್ವೇನಿಯದ ಕಾನೂನು ಅಂಚೆ ಮತಗಳ ಲಕೋಟೆಯನ್ನು ಮತದಾನದ ದಿನ ಬೆಳಿಗ್ಗೆ 7ಕ್ಕೆ ಮುಂಚೆ ಒಡೆಯಲು ಬಿಡುತ್ತಿರಲಿಲ್ಲವಾದ್ದರಿಂದ, ಡೆಮಾಕ್ರಟಿಕ್ ಮತದಾರರೇ ಹೆಚ್ಚಾಗಿ ಕಳಿಸಿದ್ದ ಆ ಮತಗಳು ತಡವಾಗಿ ಲೆಕ್ಕಕ್ಕೆ ಬಂದವು.

ಹಾಗೆಂದು ಕೌಂಟಿಯ ಅಂಕಿಗಳು ತಪ್ಪುವುದೇ ಇಲ್ಲವೆಂದಲ್ಲ. ಅದೇ ವರ್ಷ, ರಿಪಬ್ಲಿಕನ್ನರ ಗಟ್ಟಿ ನೆಲೆಯಾದ ಮಿಷಿಗನ್‌ನ ಆ್ಯಂಟ್ರಿಮ್ ಕೌಂಟಿಯ ಮೊದಲ ಪಟ್ಟಿಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಬೈಡನ್ ಮುಂದಿದ್ದರು. ಮತಪತ್ರದಲ್ಲಿ ತಡವಾಗಿ ಮಾಡಿದ ಬದಲಾವಣೆಗೆ ತಕ್ಕಂತೆ ಕೆಲವು ಎಣಿಕೆ ಯಂತ್ರಗಳನ್ನು ಹೊಂದಿಸದೆ ಬಿಟ್ಟದ್ದೇ ಅದಕ್ಕೆ ಕಾರಣ. ಮರುದಿನವೇ ತಪ್ಪು ಕಂಡುಬಂತು; ಡಿಸೆಂಬರಿನಲ್ಲಿ ಕಾಗದದ ಮತಪತ್ರಗಳನ್ನು ಕೈಯಿಂದ ಎಣಿಸಿದಾಗ ಟ್ರಂಪ್ ಗೆಲುವಿನ ಅಂತರ ತಿದ್ದಿದ ಲೆಕ್ಕಕ್ಕಿಂತ 12 ಮತಗಳಷ್ಟೇ ವ್ಯತ್ಯಾಸವಾಯಿತು. ಇಂಥ ಸಂದರ್ಭಗಳಲ್ಲಿ ತಿದ್ದಿದ ಪಟ್ಟಿಗಿಂತ ತಪ್ಪಿದ ಮೊದಲ ಪಟ್ಟಿಯ ಚಿತ್ರವೇ ಊರೆಲ್ಲ ಸುತ್ತುತ್ತದೆ. ಅದರ ಮೇಲಿನ ದಿನಾಂಕ, ಗಂಟೆ ನೋಡದೆ ಮುಂದಕ್ಕೆ ಕಳಿಸಬೇಡಿ.

ವಾಹಿನಿಯ ಪಕ್ಷಪಾತವನ್ನು ದೂರುವ ಮುನ್ನ ಕಾನೂನು ಎಷ್ಟನ್ನು ಕೇಳುತ್ತದೆಂಬುದೂ ಗೊತ್ತಿರಲಿ. ವಿವಾದದ ವಿಷಯಗಳಲ್ಲಿ ಭಿನ್ನ ವಾದಗಳಿಗೂ ಎಡೆ ಸಿಗಬೇಕೆಂದು 1949ರಿಂದ ಪ್ರಸಾರ ಕೇಂದ್ರಗಳಿಗಿದ್ದ ನಿಯಮವನ್ನು 1987ರಲ್ಲಿ ಕೈಬಿಡಲಾಯಿತು. ಅಭ್ಯರ್ಥಿಗಳಿಗೆ ಸಮಾನ ಅವಕಾಶ ಕೊಡಬೇಕೆಂಬ ನಿಯಮ ಉಳಿದಿದೆಯಾದರೂ ಸುದ್ದಿ ಪ್ರಸಾರಕ್ಕೆ ಅದರಿಂದ 1959ರಿಂದಲೇ ವಿನಾಯಿತಿ ಇದೆ. ಹೀಗಾಗಿ ನನ್ನ ಅಳತೆಗೋಲು ಬೇರೆ: ತಪ್ಪಿದ ಘೋಷಣೆಯನ್ನು, ಅದನ್ನು ಮಾಡಿದಷ್ಟೇ ಗಟ್ಟಿ ದನಿಯಲ್ಲಿ ಹಿಂತೆಗೆದರೇ?

ಕೌಂಟಿಗಳ ಪರಿಶೀಲನೆ ಮುಗಿದು ರಾಜ್ಯದ ದೃಢೀಕರಣ ಬರಲು ವಾರಗಳೇ ಹಿಡಿಯುತ್ತವೆ. ಜಾರ್ಜಿಯಾ 2020ರಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದ ಮತ್ತೆ ಎಣಿಸಿ ಕೌಂಟಿವಾರು ಅಂಕಿಗಳನ್ನು ಪ್ರಕಟಿಸಿತು. ಅವನ್ನು ಯಂತ್ರದ ಎಣಿಕೆಯ ಪಕ್ಕದಲ್ಲಿಟ್ಟು ನೀವೇ ತಾಳೆ ನೋಡಬಹುದು.