ಹಾರ್ಟ್‌ವರ್ಮ್ ಇದ್ದ ಕೆಂಚನನ್ನು ಫಾಸ್ಟರ್ ಮಾಡಿದ ಅನುಭವ

ಹಾರ್ಟ್‌ವರ್ಮ್ ಅನ್ನುವ ಹೃದಯದ ಹುಳುಗಳ ಕಾಯಿಲೆ ಇರುವ ನಾಯಿಯನ್ನು, ದತ್ತು ತೆಗೆದುಕೊಳ್ಳುವವರು ಸಿಗುವವರೆಗೆ ನೋಡಿಕೊಳ್ಳಲು, ಅಂದರೆ ಫಾಸ್ಟರ್ ಮಾಡಲು, ಮನೆಗೆ ತರುತ್ತಿದ್ದೇನೆ ಅಂದ ಕೂಡಲೇ ಗೊತ್ತಿರುವವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮ ಮನೆ ನಾಯಿಗೂ ಅಂಟಲ್ವಾ? ಅಂಟುವುದಿಲ್ಲ. ಒಂದೇ ಬಟ್ಟಲಲ್ಲಿ ನೀರು ಕುಡಿದರೂ, ಮೈ ನೆಕ್ಕಿದರೂ, ಪಕ್ಕದಲ್ಲೇ ಮಲಗಿದರೂ ಬರುವುದಿಲ್ಲ. ನಡುವೆ ಸೊಳ್ಳೆ ಬೇಕೇ ಬೇಕು. ಕಾಯಿಲೆ ಇರುವ ನಾಯಿಯ ರಕ್ತದ ಜೊತೆ ಸೊಳ್ಳೆ ಮರಿಹುಳುಗಳನ್ನು ಹೀರಿಕೊಂಡು, ಅವು ಸೊಳ್ಳೆಯ ಮೈಯೊಳಗೇ ಸುಮಾರು ಎರಡು ವಾರ ಬೆಳೆದ ಮೇಲೆ, ಅದೇ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ ಮಾತ್ರ ದಾಟುತ್ತದೆ. ನಮ್ಮ ನಾಯಿಗೆ ಪ್ರತಿ ತಿಂಗಳು ಹಾರ್ಟ್‌ವರ್ಮ್ ತಡೆಯುವ ಮಾತ್ರೆ ಕೊಡುತ್ತಲೇ ಇದ್ದೆವು. ಹಾಗಾಗಿ ಆ ಚಿಂತೆ ಅಲ್ಲಿಗೇ ಮುಗಿಯಿತು.

ಯಾರೂ ಕೇಳದ ಪ್ರಶ್ನೆ ಬೇರೆ ಇತ್ತು. ಓಡಬೇಕು, ನೆಗೆಯಬೇಕು ಅಂತ ಹಾತೊರೆಯುವ ನಾಯಿಯನ್ನು ತಿಂಗಳುಗಟ್ಟಲೆ ಸುಮ್ಮನೆ ಇರಿಸುವುದು ಹೇಗೆ? ಈ ಕಾಯಿಲೆಯಲ್ಲಿ ಫಾಸ್ಟರ್ ಮಾಡುವವರ ಕೆಲಸ ಮುಕ್ಕಾಲು ಪಾಲು ಅದೇ. ಔಷಧಿ ಡಾಕ್ಟರು ನೋಡಿಕೊಳ್ಳುತ್ತಾರೆ. ನಾಯಿಯನ್ನು ಶಾಂತವಾಗಿ ಇಡುವುದು ನಮ್ಮ ಪಾಲಿಗೆ ಬರುತ್ತದೆ, ಮತ್ತು ಅದು ತಪ್ಪಿದರೆ ಕಾಯಿಲೆ ವಾಸಿ ಮಾಡುವ ಔಷಧಿಯೇ ಜೀವಕ್ಕೆ ಕುತ್ತು ತರಬಹುದು.

ಯಾಕೆ ಅಂತ ಅರ್ಥವಾದರೆ ಮುಂದಿನದೆಲ್ಲ ಸುಲಭ. ಈ ಹುಳುಗಳು ಬಿಳಿ ದಾರದ ಹಾಗಿರುತ್ತವೆ. ಹೆಣ್ಣು ಹುಳು 25 ರಿಂದ 30 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ, ನಾಯಿಯ ಮೈಯಲ್ಲಿ 5 ರಿಂದ 7 ವರ್ಷ ಬದುಕುತ್ತದೆ. ಹೆಸರಲ್ಲಿ ಹೃದಯ ಇದ್ದರೂ ಅವು ಜಾಸ್ತಿ ಇರುವುದು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ. ಇಂಜೆಕ್ಷನ್ ಕೊಟ್ಟು ಸಾಯಿಸಿದ ಮೇಲೆ ಆ ಹುಳುಗಳು ಹೊರಗೆ ಬರಲು ದಾರಿ ಇಲ್ಲ. ಅಲ್ಲೇ ಚೂರುಚೂರಾಗಿ, ರಕ್ತದ ಜೊತೆ ಹರಿದು, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೈ ಅವನ್ನು ನಿಧಾನಕ್ಕೆ ಕರಗಿಸಿಕೊಳ್ಳಬೇಕು. ಅಷ್ಟರಲ್ಲಿ ನಾಯಿ ಓಡಿದರೆ ರಕ್ತದ ಓಟ ಜೋರಾಗುತ್ತದೆ, ಮೊದಲೇ ಕಟ್ಟಿಕೊಂಡಿರುವ ನಾಳಗಳ ಮೇಲೆ ಒತ್ತಡ ಬೀಳುತ್ತದೆ, ಒಮ್ಮೊಮ್ಮೆ ನಾಯಿ ಅಲ್ಲೇ ಕುಸಿದು ಬೀಳುತ್ತದೆ.

ಕೆಂಚ ದೊಡ್ಡ ನಾಯಿ, ಹಲ್ಲು ನೋಡಿ ನಾಲ್ಕು ವರ್ಷ ಇರಬಹುದು ಅಂದಿದ್ದರು. ಪಕ್ಕೆಲುಬು ಎಣಿಸುವ ಹಾಗಿದ್ದ. ಆದರೂ ಮನುಷ್ಯರನ್ನು ಕಂಡರೆ ಎರಡು ಕಾಲ ಮೇಲೆ ನಿಂತು ಕುಣಿಯುತ್ತಿದ್ದ. ಎಕ್ಸ್‌ರೇ, ರಕ್ತಪರೀಕ್ಷೆ, ಹೃದಯದ ಸ್ಕ್ಯಾನ್ ಆದ ಮೇಲೆ ಕಾಯಿಲೆ ನಡುಮಟ್ಟದ್ದು, ಇಂಜೆಕ್ಷನ್ ತಡೆದುಕೊಳ್ಳುತ್ತಾನೆ ಅಂತ ಡಾಕ್ಟರು ಹೇಳಿದರು.

ಕರೆದುಕೊಂಡು ಬರುವ ಮೊದಲು ರೆಸ್ಕ್ಯೂ ತಂಡದವರ ಹತ್ತಿರ ಕೆಲವು ವಿಷಯ ಬರವಣಿಗೆಯಲ್ಲೇ ಇಸ್ಕೊಂಡೆ. ಚಿಕಿತ್ಸೆಯ ಖರ್ಚು ಯಾರದು. ರಾತ್ರಿ ಹೊತ್ತು ಏನಾದರೂ ಆದರೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾರ ಒಪ್ಪಿಗೆಗೂ ಕಾಯದೆ ನಾನೇ ಸೇರಿಸಬಹುದಾ. ದಯಾಮರಣದಂಥ ಕೊನೆಯ ನಿರ್ಧಾರ ತೆಗೆದುಕೊಳ್ಳಬೇಕಾಗಿ ಬಂದರೆ ಅದು ಯಾರ ಕೈಯಲ್ಲಿದೆ. ಕೇಳೋಕೆ ಮುಜುಗರ ಆಗುತ್ತದೆ ನಿಜ. ಆದರೆ ಒಳ್ಳೆಯ ತಂಡದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಾಯಿ ಉಸಿರಿಗೆ ಕಷ್ಟಪಡುತ್ತಿರುವಾಗ ಫೋನ್ ಎತ್ತುವವರಿಗಾಗಿ ಕಾಯುತ್ತಾ ಕೂರುವ ಸ್ಥಿತಿ ಯಾರಿಗೂ ಬರಬಾರದು.

ಮೊದಲ ಎರಡು ತಿಂಗಳು ಇಂಜೆಕ್ಷನ್ ಇರಲಿಲ್ಲ. ನಾಲ್ಕು ವಾರ ಡಾಕ್ಸಿಸೈಕ್ಲಿನ್, ಜೊತೆಗೆ ತಿಂಗಳಿಗೊಮ್ಮೆ ಹೊಸ ಹುಳು ಬೆಳೆಯದಂತೆ ತಡೆಯುವ ಮಾತ್ರೆ. ಹುಳುವಿನ ಕಾಯಿಲೆಗೆ ಆ್ಯಂಟಿಬಯೋಟಿಕ್ ಯಾಕೆ ಅಂತ ನಾನೂ ಕೇಳಿದೆ. ಹುಳುಗಳ ಒಳಗೆ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದಂತೆ. ಅದು ಮೊದಲು ಸತ್ತರೆ ಹುಳುಗಳು ಬಡವಾಗುತ್ತವೆ, ಮುಂದೆ ಅವು ಸಾಯುವಾಗ ಶ್ವಾಸಕೋಶದಲ್ಲಿ ಊತ ಕಡಿಮೆ ಆಗುತ್ತದೆ. ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಗ್ಯಾರಂಟಿ. ಅರ್ಧ ಊಟ ಹಾಕಿ, ಮಾತ್ರೆ ಕೊಟ್ಟು, ಆಮೇಲೆ ಉಳಿದರ್ಧ ಹಾಕುತ್ತಿದ್ದೆ. ತಡೆ ಮಾತ್ರೆಯ ಮೊದಲ ಡೋಸ್ ಮಾತ್ರ ಆಸ್ಪತ್ರೆಯಲ್ಲೇ ಕೊಟ್ಟು ಕೆಲವು ಗಂಟೆ ಇರಿಸಿಕೊಂಡರು. ರಕ್ತದಲ್ಲಿರುವ ಮರಿಹುಳುಗಳು ಒಟ್ಟಿಗೆ ಸತ್ತರೆ ಕೆಲವು ನಾಯಿಗಳಿಗೆ ರಿಯಾಕ್ಷನ್ ಆಗುತ್ತದೆ.

ಇಂಜೆಕ್ಷನ್ ಇಲ್ಲದ ಈ ಎರಡು ತಿಂಗಳೇ ನಾಯಿಗೆ ಶಾಂತವಾಗಿರುವುದನ್ನು ಕಲಿಸಲು ಸಿಗುವ ಸಮಯ. ಇದನ್ನು ಒತ್ತಿ ಹೇಳುತ್ತೇನೆ. ಇಂಜೆಕ್ಷನ್ ಆದ ದಿನ ತಂದು ಕ್ರೇಟಿನೊಳಗೆ (ನಾಯಿಯನ್ನು ಇರಿಸುವ ಪಂಜರ) ಕೂಡಿ ಹಾಕಿದರೆ ಅದು ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ, ಏದುಸಿರು ಬಿಡುತ್ತದೆ. ಅದೂ ಶ್ರಮವೇ. ನಾನು ಮೊದಲ ದಿನದಿಂದಲೇ ಊಟ ಕ್ರೇಟಿನಲ್ಲಿ ಹಾಕಿದೆ, ಬಾಗಿಲು ತೆರೆದೇ. ತಾನಾಗಿ ಹೋಗಿ ಮಲಗಲು ಶುರು ಮಾಡಿದ ಮೇಲೆ ಸ್ವಲ್ಪ ಹೊತ್ತು ಬಾಗಿಲು ಹಾಕಿ, ಪಕ್ಕದಲ್ಲೇ ಕೂತು, ಅವನು ಗಲಾಟೆ ಮಾಡುವ ಮೊದಲೇ ತೆಗೆಯುತ್ತಿದ್ದೆ. ಎದ್ದು ನಿಂತು ತಿರುಗಿ ಕಾಲು ಚಾಚಿ ಮಲಗುವಷ್ಟು ದೊಡ್ಡ ಕ್ರೇಟ್ ಬೇಕು. ಇಡೀ ದಿನ ಒಂದೇ ಮೂಲೆಯಲ್ಲಿ ಇಡಬೇಕಿಲ್ಲ. ನಾವಿರುವ ಕೋಣೆಗೇ ಹಾಸಿಗೆ ತಂದು, ಬೆಲ್ಟ್ ಹಾಕಿ, ಅದರ ತುದಿಯನ್ನು ಕುರ್ಚಿಗೆ ಕಟ್ಟಿದರೂ ಆಗುತ್ತದೆ.

ಮನೆಯೊಳಗೂ ಬೆಲ್ಟ್ ಇರಲೇಬೇಕು. ಮೂತ್ರಕ್ಕೆ ಹೋಗುವ ನಾಲ್ಕು ಹೆಜ್ಜೆಗೂ ಬೇಕು. ಸೋಫಾ ಹತ್ತುವುದು, ಮೆಟ್ಟಿಲು, ಕಿಟಕಿಯ ಮೇಲೆ ಕಾಲಿಟ್ಟು ಬೊಗಳುವುದು ಎಲ್ಲಾ ಬಂದ್. ಬಾಗಿಲ ಗಂಟೆ ಆಫ್ ಮಾಡಿಬಿಟ್ಟೆವು. ಬರುವವರಿಗೆ ಫೋನ್ ಮಾಡಿ ಬನ್ನಿ, ಬಂದ ಮೇಲೆ ಅವನನ್ನು ಮಾತಾಡಿಸಬೇಡಿ ಅಂತ ಹೇಳಿಟ್ಟೆವು. ಎರಡನೆಯದೇ ಕಷ್ಟ. ಜನಕ್ಕೆ ಪಾಪ ಅನ್ನಿಸುತ್ತದೆ, ಪ್ರೀತಿಯಿಂದ ಕೂಗಿಬಿಡುತ್ತಾರೆ, ಅವನು ಎಗರಿಬಿಡುತ್ತಾನೆ. ನಮ್ಮ ನಾಯಿಯ ಜೊತೆ ಆಟಕ್ಕೆ ಬಿಡಲಿಲ್ಲ. ನಡುವೆ ಗೇಟ್ ಹಾಕಿ, ವಾಸನೆ ನೋಡಿಕೊಳ್ಳಲು ಮಾತ್ರ ಬಿಟ್ಟೆವು.

ಕಾಲಿಗೆ ಕೆಲಸ ಇಲ್ಲದಿದ್ದರೆ ಮೂಗಿಗೆ ಕೆಲಸ ಕೊಡಬೇಕು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಹಳೆ ಟವೆಲ್ ಹರಡಿ, ಅವನ ಒಣ ಊಟವನ್ನು ಅದರ ಮೇಲೆ ಚೆಲ್ಲಿ, ಸಡಿಲವಾಗಿ ಸುತ್ತಿ ಮುಂದಿಡುತ್ತಿದ್ದೆ. ಮಲಗಿಕೊಂಡೇ ಮೂಗಿನಿಂದ ಬಿಚ್ಚಿಬಿಚ್ಚಿ ತಿನ್ನುತ್ತಿದ್ದ, ಕೊನೆಯ ಕಾಳು ಸಿಗುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಅಭ್ಯಾಸವಾದ ಮೇಲೆ ಗಂಟು ಹಾಕಿ ಕೊಟ್ಟೆ. ರಬ್ಬರ್ ಆಟಿಕೆಯೊಳಗೆ ಮೆತ್ತನೆ ಊಟ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ನೆಕ್ಕುತ್ತಾ ಕೂರುತ್ತಿದ್ದ. ನೆಕ್ಕುವುದರಿಂದ ನಾಯಿಗಳು ನಿಜಕ್ಕೂ ಶಾಂತವಾಗುತ್ತವೆ. ಗಲ್ಲವನ್ನು ನನ್ನ ಅಂಗೈ ಮೇಲೆ ಇಟ್ಟು ಅಲುಗಾಡದೆ ಇರುವುದನ್ನು ಕಲಿಸಿದೆ. ಮೊದಲು ಗಲ್ಲ ತಾಗಿದ ಕೂಡಲೇ ಒಂದು ತುಣುಕು, ಆಮೇಲೆ ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಇನ್ನಷ್ಟು. ರಕ್ತ ತೆಗೆಯುವಾಗ, ಥರ್ಮಾಮೀಟರ್ ಇಡುವಾಗ, ವಸಡು ನೋಡುವಾಗ ಇದೊಂದೇ ಅಭ್ಯಾಸ ನಮ್ಮನ್ನು ಕಾಪಾಡಿತು.

ಇಷ್ಟಾದರೂ ಸುಮ್ಮನಿರದ ನಾಯಿಗಳಿವೆ. ಅಂಥವಕ್ಕೆ ಡಾಕ್ಟರು ಟ್ರಾಜೊಡೋನ್, ಗಾಬಾಪೆಂಟಿನ್ ತರಹದ ಮಾತ್ರೆ ಬರೆದುಕೊಡುತ್ತಾರೆ. ಕೆಂಚನಿಗೂ ಕೊಟ್ಟೆವು. ನಿದ್ದೆ ಮಾತ್ರೆ ಕೊಟ್ಟು ಮಲಗಿಸ್ತೀರಾ ಅಂತ ಒಬ್ಬರು ಕೇಳಿದರು. ಕೊಡದೆ ಇದ್ದು, ಅವನು ಗಾಬರಿಯಲ್ಲಿ ಸುತ್ತುತ್ತಾ ಇರುವುದನ್ನು ನೋಡುವುದೇ ಕ್ರೂರ ಅಂತ ನಾನು ಈಗಲೂ ನಂಬುತ್ತೇನೆ.

ಇಂಜೆಕ್ಷನ್ ಹೆಸರು ಮೆಲಾರ್ಸೊಮಿನ್. ಆರ್ಸೆನಿಕ್ ಇರುವ ಔಷಧಿ. ಸೊಂಟದ ಮೇಲ್ಭಾಗದಲ್ಲಿ, ಬೆನ್ನುಮೂಳೆಯ ಪಕ್ಕದ ಮಾಂಸಖಂಡದೊಳಗೆ ಆಳಕ್ಕೆ ಚುಚ್ಚುತ್ತಾರೆ. ಚಿಕಿತ್ಸೆ ಶುರುವಾಗಿ 60ನೇ ದಿನಕ್ಕೆ ಒಂದು, ಆಮೇಲೆ 90 ಮತ್ತು 91ನೇ ದಿನ ಒಂದೊಂದು, ಒಟ್ಟು ಮೂರು. ಎಲ್ಲಾ ಹುಳು ಒಮ್ಮೆಗೇ ಸತ್ತರೆ ಶ್ವಾಸಕೋಶ ತಡೆಯುವುದಿಲ್ಲ, ಅದಕ್ಕೇ ಮೊದಲು ಒಂದಷ್ಟು, ತಿಂಗಳು ಬಿಟ್ಟು ಉಳಿದದ್ದು. ಚುಚ್ಚಿದ ಜಾಗ ತುಂಬಾ ನೋಯುತ್ತದೆ. ಕೆಲವು ದಿನ ಕೆಂಚ ಬೆನ್ನು ಬಾಗಿಸಿ ನಡೆದ, ಕೂರಲು ಹಿಂದೆಮುಂದೆ ನೋಡಿದ. ಆ ದಿನಗಳಲ್ಲಿ ಬೆನ್ನು ಸವರಬಾರದು, ಹಿಂದಿನಿಂದ ಹೋಗಿ ಮುಟ್ಟಬಾರದು. ಎಷ್ಟೇ ಸಾಧು ನಾಯಿಯಾದರೂ ನೋವಿಗೆ ಬಾಯಿ ಹಾಕುತ್ತದೆ, ಅದು ಅದರ ತಪ್ಪಲ್ಲ.

ನೋವು ಕಡಿಮೆಯಾದ ಮೇಲೆ ಅಪಾಯದ ದಿನ ಶುರುವಾಗುತ್ತದೆ. ಬಾಲ ಅಲ್ಲಾಡುತ್ತಿರುತ್ತದೆ, ಊಟ ಸೇರುತ್ತಿರುತ್ತದೆ, ಹುಷಾರಾದ ಅಂತ ಮನೆಯವರಿಗೆಲ್ಲ ಅನ್ನಿಸುತ್ತದೆ. ಒಳಗೆ ಹುಳುಗಳು ಸಾಯುತ್ತಿರುವುದು ಆಗಲೇ. ಇಂಜೆಕ್ಷನ್ ಆಗಿ 7 ರಿಂದ 10 ದಿನದ ಸುತ್ತಮುತ್ತ ತೊಂದರೆ ಜಾಸ್ತಿ, ನಾಲ್ಕು ವಾರದವರೆಗೂ ಬರಬಹುದು. ಕೆಮ್ಮು, ಜ್ವರ, ಊಟ ಬಿಡುವುದು, ಉಸಿರಿಗೆ ಎಳೆದಾಡುವುದು, ವಸಡು ಬಿಳಿಚುವುದು, ಕೆಮ್ಮಿದಾಗ ರಕ್ತ, ತಲೆಸುತ್ತಿ ಬೀಳುವುದು. ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ನಾಯಿ ದಿಢೀರನೆ ಸೊರಗಿದರಂತೂ ಚಿಕಿತ್ಸೆ ಯಾವ ಹಂತದಲ್ಲಿದ್ದರೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಹುಳುಗಳು ಹೃದಯಕ್ಕೇ ಬಂದು ರಕ್ತದ ದಾರಿ ಕಟ್ಟಿದಾಗ ಹಾಗಾಗುತ್ತದೆ.

ದಿನಾ ರಾತ್ರಿ ಅವನು ಗಾಢ ನಿದ್ದೆಗೆ ಹೋದ ಮೇಲೆ ಉಸಿರು ಎಣಿಸುತ್ತಿದ್ದೆ. ಪಕ್ಕೆ ಒಮ್ಮೆ ಮೇಲೆದ್ದು ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಆಯಿತು. ನಿದ್ದೆಯಲ್ಲಿ ನಿಮಿಷಕ್ಕೆ 30ರ ಒಳಗಿರಬೇಕು. ಒಂದು ನೋಟ್‌ಬುಕ್‌ನಲ್ಲಿ ಉಸಿರು, ಊಟ, ಕೆಮ್ಮು, ಮಾತ್ರೆ ಎಲ್ಲಾ ಬರೆದಿಡುತ್ತಿದ್ದೆ. ಮೊದಲ ಇಂಜೆಕ್ಷನ್ ಆಗಿ ಒಂದು ವಾರ ದಾಟಿದ ಮೇಲೆ ಒಂದು ರಾತ್ರಿ ಆ ಲೆಕ್ಕ ನಲವತ್ತರ ಮೇಲೆ ಹೋಯಿತು. ಕನಸು ಕಾಣುತ್ತಿರಬಹುದು ಅಂತ ಸ್ವಲ್ಪ ಬಿಟ್ಟು ಮತ್ತೆ ಎಣಿಸಿದೆ, ಅಷ್ಟೇ ಇತ್ತು. ಅಷ್ಟರಲ್ಲಿ ಎದ್ದು, ಕುತ್ತಿಗೆ ಮುಂದಕ್ಕೆ ಚಾಚಿ, ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಮೆತ್ತಗೆ ಎರಡು ಸಲ ಕೆಮ್ಮಿದ. ಹಗಲಲ್ಲಾಗಿದ್ದರೆ ಗಮನಕ್ಕೂ ಬರದಂಥ ಕೆಮ್ಮು. ಆಸ್ಪತ್ರೆಗೆ ಫೋನ್ ಮಾಡಿದೆವು, ಅವನನ್ನು ನಡೆಸದೆ ಎದೆಗೂ ತೊಡೆಗೂ ಕೈ ಕೊಟ್ಟು ಎತ್ತಿಕೊಂಡೇ ಕಾರಿನವರೆಗೆ ಒಯ್ದೆವು. ಆಕ್ಸಿಜನ್ ಕೊಟ್ಟರು, ಊತ ಇಳಿಸಲು ಕೊಡುತ್ತಿದ್ದ ಸ್ಟೀರಾಯ್ಡ್ ಹೆಚ್ಚಿಸಿದರು, ನೋಡಿಕೊಳ್ಳಲು ಇರಿಸಿಕೊಂಡರು. ಬೇಗ ತಂದಿದ್ದೀರಿ ಅಂದ ಡಾಕ್ಟರು ನೋಟ್‌ಬುಕ್ ಇಸ್ಕೊಂಡು ಪುಟ ತಿರುಗಿಸಿ ನೋಡಿದರು. ಹಿಂದಿನ ದಿನಗಳ ಲೆಕ್ಕ ಎದುರಿಗಿದ್ದದ್ದರಿಂದ ಇದು ಆ ರಾತ್ರಿಯೇ ಶುರುವಾದದ್ದು ಅಂತ ಅವರಿಗೆ ತಿಳಿಯಿತು. ಕೆಂಚ ಚೇತರಿಸಿಕೊಂಡು ಮನೆಗೆ ಬಂದ.

ಸ್ಟೀರಾಯ್ಡ್ ಬಗ್ಗೆ ಒಂದೆರಡು ಮಾತು. ಪ್ರೆಡ್ನಿಸೋನ್ ಅನ್ನುವ ಈ ಸ್ಟೀರಾಯ್ಡ್ ಶುರುವಾದ ಮೇಲೆ ನಾಯಿಗಳು ಬಟ್ಟಲು ಬಟ್ಟಲು ನೀರು ಕುಡಿಯುತ್ತವೆ, ಹಾಗೇ ಮೂತ್ರ, ಹಾಗೇ ಹಸಿವು. ಮನೆಯೊಳಗೆ ಮೂತ್ರ ಮಾಡಿದರೆ ಬೈಯಬೇಡಿ, ನೀರನ್ನಂತೂ ತೆಗೆದಿಡಲೇಬೇಡಿ. ಡೋಸ್ ಮೆಲ್ಲಗೆ ಇಳಿಸುತ್ತಾ ಬರುತ್ತಾರೆ, ಹುಷಾರಾಗಿದ್ದಾನೆ ಅಂತ ನಾವೇ ಥಟ್ಟನೆ ನಿಲ್ಲಿಸಬಾರದು. ಇದರ ಜೊತೆ ಮೆಲಾಕ್ಸಿಕಾಮ್, ಆಸ್ಪಿರಿನ್ ತರಹದ ನೋವಿನ ಮಾತ್ರೆ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಮನೆಯಲ್ಲಿ ಹಳೆಯದು ಉಳಿದಿದೆ ಅಂತ ಕೊಡಬೇಡಿ.

ಉಳಿದ ಎರಡು ಇಂಜೆಕ್ಷನ್‌ಗಳು ಇಷ್ಟು ಗಾಬರಿಯಿಲ್ಲದೆ ಮುಗಿದವು. ಕೊನೆಯದಾದ ಮೇಲೂ 6 ರಿಂದ 8 ವಾರ ಅದೇ ಕಟ್ಟುನಿಟ್ಟು. ಆಮೇಲೆ ಬೆಲ್ಟ್ ಹಿಡಿದೇ ನಡಿಗೆಯನ್ನು ಚೂರುಚೂರೇ ಹೆಚ್ಚಿಸಿದೆವು.

ಇಂಜೆಕ್ಷನ್ ಬೇಡ, ತಿಂಗಳ ಮಾತ್ರೆ ಕೊಡುತ್ತಾ ಹೋದರೆ ಹುಳುಗಳು ತಾವೇ ಸಾಯುತ್ತವೆ ಅಂತ ಹೇಳುವವರಿದ್ದಾರೆ. ಮೆಲಾರ್ಸೊಮಿನ್ ಸಿಗದ ಕಡೆ, ನಾಯಿ ತಡೆದುಕೊಳ್ಳದ ಸ್ಥಿತಿಯಲ್ಲಿದ್ದರೆ, ಡಾಕ್ಟರೇ ಆ ದಾರಿ ಹಿಡಿಯಬಹುದು. ಆದರೆ ಅದಕ್ಕೆ ವರ್ಷಕ್ಕೂ ಜಾಸ್ತಿ ಬೇಕಾಗಬಹುದು, ಅಷ್ಟೂ ದಿನ ಹುಳುಗಳು ರಕ್ತನಾಳ ಕೆಡಿಸುತ್ತಲೇ ಇರುತ್ತವೆ, ನಾಯಿ ಅಷ್ಟೂ ದಿನ ಓಡುವ ಹಾಗಿಲ್ಲ. ಆ ದಾರಿ ಸುಲಭ ಅಂತ ನನಗೆ ಅನ್ನಿಸಲಿಲ್ಲ.

ದತ್ತು ತೆಗೆದುಕೊಳ್ಳಲು ಬಂದವರಿಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಹುಳು ಹೋದರೂ ನಾಳಗಳಲ್ಲಿ ಆದ ಗಾಯದ ಗುರುತು ಸ್ವಲ್ಪ ಉಳಿಯಬಹುದು, ಬೇರೆ ನಾಯಿಗಳಿಗಿಂತ ಬೇಗ ಸುಸ್ತಾಗಬಹುದು ಅಂದೆ. ಅವರು ನೋಟ್‌ಬುಕ್ ಪೂರ್ತಿ ಓದಿದರು, ಪ್ರಶ್ನೆ ಕೇಳಿದರು, ಟವೆಲ್ ಆಟ ನನ್ನೆದುರೇ ಕಲಿತರು. ಕೊನೆಯ ಇಂಜೆಕ್ಷನ್ ಆಗಿ 9 ತಿಂಗಳಿಗೆ ಮಾಡಿಸಬೇಕಾದ, ಹುಳು ಉಳಿದಿದೆಯಾ ಅಂತ ರಕ್ತದಲ್ಲಿ ನೋಡುವ ಆ್ಯಂಟಿಜೆನ್ ಪರೀಕ್ಷೆಯ ದಿನಾಂಕವನ್ನು ಅದರಲ್ಲೇ ಬರೆದುಕೊಟ್ಟಿದ್ದೆ. ಮಾಡಿಸಿದರು, ನೆಗೆಟಿವ್ ಬಂತು. ಆದರೂ ತಿಂಗಳ ಮಾತ್ರೆ ನಿಲ್ಲಿಸಿಲ್ಲ. ಒಮ್ಮೆ ವಾಸಿಯಾದ ನಾಯಿಗೂ ಸೊಳ್ಳೆ ಕಚ್ಚಿದರೆ ಹುಳು ಮತ್ತೆ ಬರುತ್ತದೆ.