ಘಾಟಿ ರಸ್ತೆಯಲ್ಲಿ ಜರ್ಕ್ ಇಲ್ಲದೆ ಗೇರ್ ಇಳಿಸುವುದು: ನನ್ನ ಅನುಭವ

ಗೇರ್ ಏರಿಸುವುದು ಬೇಗ ಕೈಗೆ ಹತ್ತುತ್ತದೆ. ಕಷ್ಟ ಇರುವುದು ಇಳಿಸುವುದರಲ್ಲಿ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತಿದರೂ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೂ ಪದೇ ಪದೇ ಮೂರರಿಂದ ಎರಡಕ್ಕೆ ಬರಲೇಬೇಕು. ಹಿಂದೆ ಕೂತವರ ತಲೆ ಮುಂದಕ್ಕೆ ವಾಲುವುದು ಆಗಲೇ.

ಸಣ್ಣ ಪೆಟ್ರೋಲ್ ಕಾರು 30 ಕಿ.ಮೀ. ವೇಗದಲ್ಲಿ ಮೂರನೇ ಗೇರಿನಲ್ಲಿ ಸುಮಾರು 1,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೋರಿಸುತ್ತದೆ. ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ 2,200 ಬೇಕು. ಕ್ಲಚ್ ಒತ್ತಿದ ಕೂಡಲೇ ಎಂಜಿನ್ 800ರ ಕಡೆಗೆ ಇಳಿಯತೊಡಗುತ್ತದೆ. ಹಾಗೇ ಕ್ಲಚ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು 2,200ಕ್ಕೆ ಎಳೆಯಬೇಕು. ಆ ಎಳೆತವೇ ಜರ್ಕ್. ಕ್ಲಚ್ ಪ್ಲೇಟ್ ಸವೆಯುವುದೂ ಅಲ್ಲೇ, ಮಳೆಗಾಲದಲ್ಲಿ ಮುಂದಿನ ಟೈರ್ ಜಾರುವ ಭಯವೂ ಅಲ್ಲೇ.

ಏರಿನಲ್ಲಿ ನಾನು ತಿರುವಿಗೆ ಮೊದಲು, ರಸ್ತೆ ನೇರ ಇರುವಾಗಲೇ ವೇಗ ಇಳಿಸಿಕೊಳ್ಳುತ್ತೇನೆ. ಕ್ಲಚ್ ತಳದವರೆಗೆ ಒತ್ತಿ, ಲಿವರನ್ನು ಬೆರಳಿನಲ್ಲಷ್ಟೇ ಹಿಡಿದು ನ್ಯೂಟ್ರಲ್‌ಗೆ ತಂದು, ಒಂದು ಗಳಿಗೆ ತಡೆದು ಎರಡರ ಕಡೆಗೆ ಹದವಾಗಿ ಒತ್ತುತ್ತೇನೆ. ಗೇರ್‌ಬಾಕ್ಸ್ ಒಳಗಿನ ಸಿಂಕ್ರೊ ರಿಂಗ್ ಗೇರ್ ಮತ್ತು ಶಾಫ್ಟ್ ಎರಡರ ವೇಗ ಸಮ ಮಾಡಿದ ಮೇಲೆ ಲಿವರ್ ತಾನಾಗಿ ಒಳಕ್ಕೆ ಜಾರುತ್ತದೆ. ಅದು ಅಂಗೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅವಸರಕ್ಕೆ ನೂಕಿದರೆ ಆ ರಿಂಗೇ ಸವೆಯುತ್ತದೆ, ಮುಂದೊಂದು ದಿನ ಪ್ರತಿ ಸಲವೂ ಕರ್ ಎನ್ನುತ್ತದೆ. ಕ್ಲಚ್ ಇನ್ನೂ ಒತ್ತಿರುವಾಗಲೇ ಆಕ್ಸಿಲರೇಟರನ್ನು ಒಮ್ಮೆ ಚುರುಕಾಗಿ ತಟ್ಟಿ ಸೂಜಿಯನ್ನು 2,400ರವರೆಗೆ ಏರಿಸುತ್ತೇನೆ. ಅದು ಇಳಿಯುತ್ತಾ 2,200ಕ್ಕೆ ಬರುವಷ್ಟರಲ್ಲಿ ಕ್ಲಚ್ ಹಿಡಿಯುವ ಹಂತಕ್ಕೆ ಬಂದಿರಬೇಕು. ಅಲ್ಲಿ ಅರ್ಧ ಸೆಕೆಂಡ್ ನಿಲ್ಲಿಸಿ, ಆಮೇಲೆ ಪಾದವನ್ನು ಪೂರ್ತಿ ಪಕ್ಕಕ್ಕೆ ಇಡುತ್ತೇನೆ. ಪೆಡಲ್ ಮೇಲೆ ಪಾದ ಒರಗಿಸಿಕೊಂಡೇ ಓಡಿಸಿದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಹೋಗುತ್ತದೆ.

ಇಳಿಜಾರಿನ ಲೆಕ್ಕ ಬೇರೆ. ಬಲಗಾಲು ಬ್ರೇಕ್ ಮೇಲಿರುವುದರಿಂದ ರೇಸ್ ಕೊಡಲು ಆಗುವುದಿಲ್ಲ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಎರಡಕ್ಕೆ ಬಂದಿರುತ್ತೇನೆ. ನಡುವೆ ಇಳಿಸಲೇಬೇಕಾದರೆ ಬ್ರೇಕಿನಲ್ಲಿ 20 ಕಿ.ಮೀ.ಗೆ ತಂದು, ಕ್ಲಚ್ ನಿಧಾನಕ್ಕೆ ಬಿಡುತ್ತೇನೆ. ಬ್ರೇಕನ್ನು ಒತ್ತಿಕೊಂಡೇ ಇರಬೇಕಾಗಿ ಬಂದರೆ ಗೇರ್ ಇನ್ನೂ ಒಂದು ಇಳಿಯಬೇಕು ಎಂದರ್ಥ. ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುತ್ತೇವೆ ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಸುಮ್ಮನೆ ಓಡುತ್ತಿರಲು (ಐಡಲ್) ಪೆಟ್ರೋಲ್ ಬೇಕು. ಮೇಲಾಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು, ಕಾದು, ಹಿಡಿತ ತಪ್ಪುತ್ತದೆ.

ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದಿಡುವುದಿಲ್ಲ. ಸುಟ್ಟ ವಾಸನೆ ಬಂತೆಂದರೆ ಪ್ಲೇಟ್ ಆಗಲೇ ಕಾದಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಒಂದನೇ ಗೇರ್ ಹಾಕಿ, 1,500ಕ್ಕೆ ರೇಸ್ ಕೊಟ್ಟು, ಕ್ಲಚ್ ನಿಧಾನಕ್ಕೆ ಬಿಡುತ್ತಾ, ಅದು ಹಿಡಿದು ಬಾನೆಟ್ ತುಸು ಎದ್ದಾಗ ಹ್ಯಾಂಡ್ ಬ್ರೇಕ್ ಬಿಡುತ್ತೇನೆ.

ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಗೇರ್ ಆಯಿಲ್ ಗಟ್ಟಿಯಾಗಿರುತ್ತದೆ, ಎರಡನೇ ಗೇರ್ ಸುಲಭಕ್ಕೆ ಕೂರುವುದಿಲ್ಲ. ಮೊದಲ ನಾಲ್ಕೈದು ಕಿ.ಮೀ. ಎಂಜಿನ್ ಕೂಗಿಸದೆ ಹೋದರೆ ಸರಿಹೋಗುತ್ತದೆ. ಬಿಸಿಯಾದ ಮೇಲೂ ಬಿಗಿಯಿದ್ದರೆ ಪೆಡಲ್ ಒತ್ತಿದಾಗ ಕ್ಲಚ್ ಪೂರ್ತಿ ಬಿಡುತ್ತಿಲ್ಲವೇ, ಗೇರ್ ಆಯಿಲ್ ಕಡಿಮೆಯಾಗಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ.