ತೂಕ ಇಳಿಸೋ ಆಪರೇಷನ್ ಆದ ಮೇಲೆ ಮದುವೆ ಊಟ ಮಾಡೋದು ಹೇಗೆ?

ಡಾಕ್ಟರ್ ಗಟ್ಟಿ ಊಟಕ್ಕೆ ಒಪ್ಪಿದ ಮೇಲಷ್ಟೇ ಇದು. ಎಲೆ ಮುಂದೆ ಕೂತ ತಕ್ಷಣ ಅನ್ನಕ್ಕೆ ಕೈ ಹಾಕಬೇಡಿ, ಮೊದಲು ತೊವ್ವೆ, ಮೊಸರು ತಿನ್ನಿ, ಯಾಕಂದ್ರೆ ಈಗ ಹೊಟ್ಟೆಯಲ್ಲಿರೋ ಸ್ವಲ್ಪ ಜಾಗ ಪ್ರೋಟೀನ್‌ಗೇ ಸಿಗಬೇಕು. ಚಿಕ್ಕ ತುತ್ತು, ನುಣ್ಣಗಾಗೋವರೆಗೆ ಅಗಿಯಿರಿ. ನೀರು ಊಟವಾಗಿ ಅರ್ಧ ಗಂಟೆ ಬಿಟ್ಟು. ಗ್ಯಾಸ್ಟ್ರಿಕ್ ಬೈಪಾಸ್ (ಹೃದಯದ್ದಲ್ಲ, ಹೊಟ್ಟೆ ಚಿಕ್ಕದು ಮಾಡಿ ಕರುಳಿಗೆ ಜೋಡಿಸೋ ಆಪರೇಷನ್) ಆದವರಿಗೆ ಹೋಳಿಗೆ, ಪಾಯಸದಿಂದ ಬೆವರು, ಎದೆ ಡವಡವ, ಭೇದಿ ಶುರುವಾಗಬಹುದು. "ಇನ್ನೊಂದು ಸೌಟು" ಅನ್ನೋ ದೊಡ್ಡಮ್ಮನಿಗೆ ವಿವರಣೆ ಬೇಡ, ಸುಮ್ನೆ ಎಲೆಗೆ ಕೈ ಅಡ್ಡ ಹಿಡಿಯಿರಿ.

ನಿಮಗಿಂತ ಮೊದಲು ಆಪರೇಷನ್ ಆದವರೊಬ್ಬರ ನಂಬರ್ ಇಟ್ಟುಕೊಳ್ಳಿ (ಆಸ್ಪತ್ರೆಯ ಡಯಟೀಷಿಯನ್ ಪರಿಚಯ ಮಾಡಿಸಬಹುದು). ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರಿದಾಗ ಗಾಬರಿ ಜಾಸ್ತಿ, ಅಲ್ವಾ? ಆಗ ಅವರ ಮಾತೇ ಧೈರ್ಯ. ಆದರೆ ವಾಂತಿ ನಿಲ್ಲದಿದ್ದರೆ ಗೆಳೆಯರಿಗಲ್ಲ, ಡಾಕ್ಟರ್‌ಗೆ ಫೋನ್ ಮಾಡಿ.